ಬರೀ ಮೂರು ಡೆಸಿಬೆಲ್

ನಮ್ಮಣ್ಣ ಹಿಟ್ಟು ಬೀಸುತ್ತಿದ್ದದ್ದು ಕಿವಿಯಿಂದ. ಹೀಗೆಂದರೆ ಈಗಿನವರು ನಗಬಹುದು. ಆದರೆ ತಾಳವಾಡಿ ಸುತ್ತಮುತ್ತ ಆ ಕಾಲದಲ್ಲಿ ರಾಗಿ ಮಿಷನ್ ಇಟ್ಟಿದ್ದ ಯಾರನ್ನು ಕೇಳಿದರೂ ಹೌದು ಅನ್ನುತ್ತಾರೆ. ಮಿಷನ್ನಿನ ಒಳಗೆ ಎರಡು ಬೀಸುವ ಕಲ್ಲುಗಳಿರುತ್ತವೆ. ಒಂದು ನಿಂತಿರುತ್ತದೆ, ಇನ್ನೊಂದು ಅದರ ಎದುರಿಗೆ ಸುತ್ತುತ್ತದೆ. ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಜಾಸ್ತಿಯಾದರೆ ಹಿಟ್ಟು ತರಿತರಿ. ಕಡಿಮೆಯಾದರೆ ಕಲ್ಲಿಗೆ ಕಲ್ಲು ತಾಗಿ ಹಿಟ್ಟು ಸೀದುಹೋಗುತ್ತದೆ. ಒಂದು ಹಿಡಿಕೆ ತಿರುಗಿಸಿ ಆ ಸಂದನ್ನು ಸರಿಮಾಡುತ್ತಾರೆ. ಎಷ್ಟು ತಿರುಗಿಸಬೇಕು ಎಂದು ಹೇಳುವುದು ಕಲ್ಲಿನ ಸದ್ದೇ, ಬೇರೆ ಅಳತೆ ಇಲ್ಲ.

ಅಣ್ಣ ಹೊರಗೆ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಯಾರ ಜೊತೆಗೋ ಮಾತಾಡುತ್ತಿರುವನು. ಒಳಗೆ ಇಂಜಿನ್ ಡಬಡಬ ಎನ್ನುತ್ತಿರುತ್ತದೆ, ಕಲ್ಲು ಗರಗರ ಎನ್ನುತ್ತಿರುತ್ತದೆ. ನಮಗೆಲ್ಲ ಅದು ಒಂದೇ ಸದ್ದು. ಅಣ್ಣ ಮಾತು ಅರ್ಧಕ್ಕೇ ಬಿಟ್ಟು ಎದ್ದು ಒಳಕ್ಕೆ ಓಡುವನು. ಹೋಗಿ ನೋಡಿದರೆ ಮೇಲಿನ ತಗಡಿನ ಡಬ್ಬದಲ್ಲಿ ರಾಗಿ ಇನ್ನೊಂದು ಹಿಡಿ ಉಳಿದಿರುತ್ತಿತ್ತು ಅಷ್ಟೆ. ಇನ್ನು ಸ್ವಲ್ಪ ತಡವಾಗಿದ್ದರೆ ಕಲ್ಲು ಬರಿದಾಗಿ ಸುತ್ತಿ ಒಂದಕ್ಕೊಂದು ಉಜ್ಜುತ್ತಿದ್ದವು.

ರಾಗಿ ನೆಂದಿದ್ದರೂ ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು.

"ನಿಮ್ ರಾಗಿ ನೆಂದದೆ ಕಣವ್ವ. ಒಸಿ ಬಿಸ್ಲಿಗಾಕ್ಬುಟ್ಟು ತರಬಾರ್ದಾ?" ಎಂದು ತಿರುಗಿಯೂ ನೋಡದೆ ಹೇಳುವನು.

"ನಿನ್ ಕಿವೀಗೆ ನಮ್ಮನೆ ಸುದ್ದೀನೂ ಕೇಳ್ತದೇನಪ್ಪ?" ಎಂದು ರಾಗಿ ತಂದವಳು ಕೇಳುವಳು.

"ಕೇಳ್ದೆ ಇದ್ದದಾ? ನಿನ್ ಗಂಡ ಬೈಯೋದು ತಿಗನಾರೆ ಊರ್ಗಂಟ ಕೇಳ್ತದೆ."

"ಅಯ್, ಅವ್ನೆಲ್ ಬೈದಾನು! ಬೈಯೋಳು ನಾನು. ಸರ್ಯಾಗ್ ಕೇಳ್ಕೊ."

ಮಿಷನ್ ಮನೆಯಲ್ಲಿ ಇಂಥ ಮಾತು ದಿನವೂ ಇತ್ತು. ನಮ್ಮ ಅಪ್ಪ ಹಾಕಿಸಿದ ಮಿಷನ್ ಅದು. ಕಲ್ಲಿನ ಗೋಡೆ, ಮೇಲೆ ತಗಡು, ಒಂದೇ ಬಾಗಿಲು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅದನ್ನು ವಹಿಸಿಕೊಂಡ.

ನಾನು ಹದಿನಾಲ್ಕು ವರ್ಷದವರೆಗೆ ದನ ಮೇಯಿಸಿದವನು. ಅಣ್ಣನೇ ಹಟ ಹಿಡಿದು ಸ್ಕೂಲಿಗೆ ಸೇರಿಸಿದ. ಮೀಸೆ ಬರುತ್ತಿದ್ದ ನಾನು ಮೂಗು ಸುರಿಸುವ ಮಕ್ಕಳ ಪಕ್ಕದಲ್ಲಿ ಕೂತು ಅಕ್ಷರ ತಿದ್ದಿದೆ. ಹತ್ತನೇ ಕ್ಲಾಸು ಮುಗಿಸುವಾಗ ನನಗೆ ಇಪ್ಪತ್ತನಾಲ್ಕು. ಆಮೇಲೆ ಘಾಟಿ ಇಳಿದು, ಕೆಳಗಿನ ಊರಲ್ಲಿ ಎರಡು ವರ್ಷದ ಕರೆಂಟು ಕೆಲಸದ ಕೋರ್ಸಿಗೆ ಸೇರಿಕೊಂಡೆ. ನಮ್ಮ ತಾಳವಾಡಿ ಸೀಮೆ ತಮಿಳುನಾಡಿಗೆ ಸೇರಿದ್ದು, ಪಾಠವೆಲ್ಲ ತಮಿಳಿನಲ್ಲಿ. ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ತಡವಾಗಿ ಓದಲು ಹೋದವನಿಗೆ ಒಂದು ಭಯ ಇರುತ್ತದೆ, ಯಾವ ಮಾತೂ ತಪ್ಪಿಹೋಗಬಾರದು ಅಂತ. ಮೇಷ್ಟ್ರು ಕೆಮ್ಮಿದ್ದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆದುಕೊಂಡೆ. ಅರ್ಥ ಆಮೇಲೆ ಮಾಡಿಕೊಂಡರಾಯಿತು ಎಂಬ ಲೆಕ್ಕ.

ಡೆಸಿಬೆಲ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಓದುವವರಿಗೆ ಲೆಕ್ಕ ಬೇಸರವಾಗಬಹುದು. ಆದರೆ ಅದನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳಲು ಬರುವುದಿಲ್ಲ.

ಮೇಷ್ಟ್ರು ಒಂದು ಬಲ್ಬು ಹಿಡಿದುಕೊಂಡು ಹೇಳಿದರು. ಬಲ್ಬಿನ ಮೇಲೆ ಇಷ್ಟು ವ್ಯಾಟು ಎಂದು ಬರೆದಿರುತ್ತದೆ. ಅದು ಬಲ್ಬಿನ ಸ್ವಂತದ್ದು. ದೊಡ್ಡ ಹಾಲಿನಲ್ಲಿ ಹಾಕಿದರೂ ಅಷ್ಟೇ, ಸಣ್ಣ ರೂಮಿನಲ್ಲಿ ಹಾಕಿದರೂ ಅಷ್ಟೇ. ಆದರೆ ನಿನ್ನ ಪುಸ್ತಕದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎನ್ನುವುದು ನೀನು ಎಲ್ಲಿ ಕೂತಿದ್ದೀಯ, ಗೋಡೆ ಬಿಳಿಯೋ ಕಪ್ಪೋ ಎನ್ನುವುದರ ಮೇಲೆ ಹೋಗುತ್ತದೆ. ಸದ್ದೂ ಹಾಗೆಯೇ. ಒಂದು ಯಂತ್ರ ಎಷ್ಟು ಶಕ್ತಿಯನ್ನು ಸದ್ದಾಗಿ ಹೊರಗೆ ಬಿಡುತ್ತದೆ ಎನ್ನುವುದು ಒಂದು. ಆ ಸದ್ದು ಬಂದು ನಿನ್ನ ಕಿವಿಯ ತಮಟೆಯನ್ನು ಎಷ್ಟು ಒತ್ತುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಶಕ್ತಿ, ಯಂತ್ರದ್ದು. ಎರಡನೆಯದು ಒತ್ತಡ, ಕಿವಿಯದ್ದು. ಎರಡನ್ನೂ ಡೆಸಿಬೆಲ್ ಎಂದೇ ಕರೆಯುತ್ತಾರೆ, ಅದಕ್ಕೇ ಜನ ಮೋಸಹೋಗುತ್ತಾರೆ ಎಂದರು.

ಈ ಡೆಸಿಬೆಲ್ ಸೇರಿನಂತೆ, ಗಜದಂತೆ ಅಲ್ಲ. ಇದು ಎಷ್ಟು ಪಟ್ಟು ಎಂದು ಎಣಿಸುವ ಅಳತೆ. ಶಕ್ತಿ ಹತ್ತು ಪಟ್ಟಾದರೆ ಹತ್ತು ಡೆಸಿಬೆಲ್ ಏರುತ್ತದೆ, ನೂರು ಪಟ್ಟಾದರೆ ಇಪ್ಪತ್ತು. ಎರಡೇ ಪಟ್ಟಾದರೆ ಮೂರು. ಒತ್ತಡದ ಲೆಕ್ಕ ಬೇರೆ. ಒತ್ತಡ ಎರಡರಷ್ಟಾದರೆ ಆರು ಏರುತ್ತದೆ, ಏಕೆಂದರೆ ಒತ್ತಡ ಎರಡರಷ್ಟಾಗಬೇಕಾದರೆ ಶಕ್ತಿ ನಾಲ್ಕರಷ್ಟು ಬೇಕು. ಸದ್ದು ಮಾಡುವ ಎರಡು ಯಂತ್ರ ಒಟ್ಟಿಗಿದ್ದರೆ ಕೂಡುವುದು ಅವುಗಳ ಶಕ್ತಿ. ಆದ್ದರಿಂದ ಒಂದೇ ಸಮನಾದ ಎರಡು ಯಂತ್ರ ಇಟ್ಟರೆ ಏರುವುದು ಮೂರು.

ಎರಡು ಪಟ್ಟು, ಮೂರು. ಇದು ನನಗೆ ಮಾಟದ ಹಾಗೆ ಕಂಡಿತು. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದುಕೊಂಡೆ. ಊರಿಗೆ ಬಂದಾಗ ಯಾರಾದರೂ ಕೇಳಿದರೆ ಹೇಳಬೇಕು ಎನ್ನುವಷ್ಟು ಖುಷಿ.

ಕೇಳುವವರು ಸಿಕ್ಕೇಬಿಟ್ಟರು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಮಿಷನ್ ಮುಂದೆ ಸಾಲು ಬೆಳೆದಿತ್ತು. ತಿಗನಾರೆ, ದೊಡ್ಡಗಾಜನೂರು ಕಡೆಯಿಂದೆಲ್ಲ ಹೆಂಗಸರು ಕುಕ್ಕೆ ಹೊತ್ತುಕೊಂಡು ಬರುತ್ತಿದ್ದರು. ಅವರಿಗೆ ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು. ಕತ್ತಲಾದರೆ ದಾರಿಗೆ ಆನೆ ಬರುತ್ತದೆ. ಸಾಯಂಕಾಲ ನಾಲ್ಕಾದರೆ ಸಾಕು, "ನಂದ್ ಮೊದ್ಲು, ನಂದ್ ಮೊದ್ಲು" ಎಂದು ಜಗಳ. ಅದಕ್ಕೆ ಅಣ್ಣ ಇನ್ನೊಂದು ಮಿಷನ್ ತಂದ. ಹಳೆಯದೇ, ಅದರದೇ ಇಂಜಿನ್ ಜೊತೆಗೆ. ಎತ್ತಿನ ಗಾಡಿಯಿಂದ ಇಳಿಸಿ ಅಂಗಳದಲ್ಲಿ ಇಟ್ಟುಕೊಂಡು, ಎಲ್ಲಿ ಕೂರಿಸುವುದು ಎಂದು ಮಾತು ನಡೆದಿತ್ತು. ನಾನು ರಜೆಗೆ ಬಂದಿದ್ದೆ.

ಹಿತ್ತಲಿನ ಆ ತುದಿಯಲ್ಲಿ ಹಳೇ ದನದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಣ್ಣನಿಗೆ ಅಲ್ಲಿ ಕೂರಿಸುವ ಮನಸ್ಸು.

"ಒಂದೇ ಮನೇಲಿ ಎರಡೂ ಕೂಕ್ಕಂಡ್ರೆ ಮನ್ಸ ಇರಾಕಾಯ್ತದಾ? ಕಿವಿ ಒಡ್ದೋಗಾಕಿಲ್ವಾ?" ಅಂದ.

ನಾನು ಒಂದು ಸೀಮೆಸುಣ್ಣ ಹುಡುಕಿಕೊಂಡು ಬಂದೆ. ಮಿಷನ್ ಮನೆಯ ಬಾಗಿಲ ಮೇಲೆ ಬರೆದೆ. ಒಂದು ಮಿಷನ್ನಿಗೆ ತೊಂಬತ್ತೈದು ಎಂದು ಇಟ್ಟುಕೊಳ್ಳೋಣ. ಎರಡು ಮಿಷನ್ನಿಗೆ ಎಷ್ಟು?

"ನೂರಾ ತೊಂಬತ್ತು," ಅಂದ ಅಣ್ಣ.

"ಅಲ್ಲ ಕಣಣ್ಣ. ತೊಂಬತ್ತೆಂಟು! ಬರೀ ಮೂರು ಜಾಸ್ತಿ. ತೊಂಬತ್ತೈದು ತಡ್ಕಳೋ ಕಿವಿ ಇನ್ನು ಮೂರು ತಡ್ಕಳಾಕಿಲ್ವಾ?"

ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಅತ್ತಿಗೆ ಕೇಳಿದಳು:

"ಎರಡು ಎಮ್ಮೆ ಕಟ್ಟಿದ್ರೆ ಒಂದೂಕಾಲು ಎಮ್ಮೆ ಸಗಣಿ ಆಕ್ತವೇನಪ್ಪ ನಿಮ್ ಪುಸ್ತಕ್ದಲ್ಲಿ?"

ನೆರೆದಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮುಖ ಕೆಂಪಾಯಿತು.

"ಇದು ಸಗಣಿ ಲೆಕ್ಕ ಅಲ್ಲ ಅತ್ಗೆ, ವಿಜ್ಞಾನ."

"ಆಗ್ಲಿ ಕಣಪ್ಪ. ನಾನೇನ್ ಕಂಡೆ."

ಅಣ್ಣ ಅವಳ ಕಡೆ ಕೈ ಬೀಸಿದ. "ಓದ್ದೋನು ಏಳ್ತಾವ್ನೆ, ಸುಮ್ಕಿರು ನೀನು. ಇಲ್ಲೇ ಆಕುವ. ಎರಡ್ನೂ ನಾನೊಬ್ಬನೇ ನೋಡ್ಕಬೋದು."

ಹಾಗೆ ಎರಡನೇ ಮಿಷನ್ ಮೊದಲನೆಯದರಿಂದ ಐದಡಿ ದೂರದಲ್ಲಿ, ಅದೇ ಕಲ್ಲುಗೋಡೆಯ ಮನೆಯೊಳಗೆ ಕೂತಿತು. ಅಣ್ಣ ಎರಡರ ನಡುವೆ ನಿಂತ. ಎಂಟು ವರ್ಷ ನಿಂತ.

ನನಗೆ ಕೆಲಸ ಸಿಕ್ಕಿತು. ತಾಳವಾಡಿಯಲ್ಲೇ ಮನೆ ಮಾಡಿದೆ. ಕಂಬ ಹತ್ತುವುದು, ತಂತಿ ಎಳೆಯುವುದು, ಆಮೇಲೆ ಆಫೀಸಿನಲ್ಲಿ ಕೂತು ರಿಪೋರ್ಟು ಟೈಪು ಮಾಡುವುದು. ಊರಿಗೆ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಅದಕ್ಕೇ ಶುರುವಾದದ್ದು ಯಾವಾಗ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಅತ್ತಿಗೆ ಹೇಳುವ ಪ್ರಕಾರ ಮೊದಲು ಹೋದದ್ದು ಸಣ್ಣ ಸದ್ದುಗಳು. ಸಾಯಂಕಾಲ ಬೇಲಿಯಲ್ಲಿ ಜೀರುಂಡೆ ಕೂಗಿದರೆ, "ಈ ವರ್ಸ ಜೀರುಂಡೇನೇ ಇಲ್ವಲ್ಲ" ಅನ್ನುತ್ತಿದ್ದನಂತೆ. ಮನೆಗೆ ಹೊಸದಾಗಿ ಬಂದ ಸೊಸೆ ಬಳೆ ಸದ್ದು ಮಾಡಿಕೊಂಡು ಹಿಂದೆ ಬಂದು ನಿಂತರೆ ಬೆಚ್ಚಿಬೀಳುತ್ತಿದ್ದನಂತೆ.

ಆಮೇಲೆ ಮಾತು. ಮಾತು ಕೇಳಿಸುತ್ತಿತ್ತು, ತಿಳಿಯುತ್ತಿರಲಿಲ್ಲ. ಅದನ್ನು ಅವನು ತನ್ನ ಕಿವಿಯ ತಪ್ಪು ಅಂದುಕೊಳ್ಳಲೇ ಇಲ್ಲ.

"ಯಾಕ್ಲಾ ಎಲ್ರೂ ಬಾಯೊಳ್ಗೇ ಮಾತಾಡೀರಿ ಈಗೀಗ? ಬಾಯ್ಬುಟ್ಟು ಏಳ್ರಲಾ!" ಎಂದು ರೇಗುತ್ತಿದ್ದ.

ನಾನೂ ರೇಗಿದ್ದೇನೆ. ಒಂದು ಸಲ ನನ್ನ ಮಗಳ ಸ್ಕೂಲಿನ ವಿಷಯ ಹೇಳುತ್ತಿದ್ದಾಗ ಅವನು ಸುಮ್ಮನೆ ಹೂಂ ಹೂಂ ಎಂದು, ಕೊನೆಗೆ ಮಳೆಯ ಮಾತೆತ್ತಿದ. ನನ್ನ ಮಾತಿಗೆ ಬೆಲೆಯೇ ಇಲ್ಲ ಅಂದುಕೊಂಡು ಊಟ ಮಾಡದೆ ಬಸ್ಸು ಹತ್ತಿದೆ.

ಅವನಿಗೆ ಮಿಷನ್ ಮನೆಯೇ ಹಿತವಾಯಿತು. ಎರಡೂ ಮಿಷನ್ ಓಡುವಾಗ ಅಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಯಲ್ಲೇ ಮಾತಾಡಬೇಕು. ಎರಡು ಬೆರಳು ಉಜ್ಜಿ ತೋರಿಸಿದರೆ ನುಣ್ಣಗೆ ಬೇಕು ಅಂತ. ಮುಷ್ಟಿ ಬಿಚ್ಚಿದರೆ ತರಿ ಸಾಕು ಅಂತ. ಅಲ್ಲಿ ಅವನೂ ಎಲ್ಲರ ಹಾಗೇ ಇದ್ದ. ಹೊರಗೆ ಜಗಲಿಗೆ ಬಂದರೆ ಮಾತ್ರ ಕಷ್ಟ. ಆದ್ದರಿಂದ ಜಗಲಿಗೆ ಬರುವುದನ್ನೇ ಬಿಟ್ಟ. ಕೆಲಸ ಇಲ್ಲದಾಗಲೂ ಒಳಗೇ ಕೂರುತ್ತಿದ್ದ.

ನನಗೆ ತಿಳಿದದ್ದು ಒಂದು ಭಾನುವಾರ. ಬೆಳಗ್ಗೆ ಹತ್ತು ಗಂಟೆ ಇರಬಹುದು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಒಬ್ಬ ಹೆಂಗಸು ತನ್ನ ಮಗಳ ಕೂಸಿಗೆ ಕುಡಿಸುವ ಸರಿ ಹಿಟ್ಟಿಗೆಂದು ರಾಗಿ ತಂದಿದ್ದಳು. ಮೊಳಕೆ ಕಟ್ಟಿ, ಒಣಗಿಸಿ, ಹುರಿದ ರಾಗಿ. ಆವತ್ತು ಒಂದೇ ಮಿಷನ್ ಓಡುತ್ತಿತ್ತು. ಅಣ್ಣ ಕಲ್ಲಿನಿಂದ ಎರಡು ಮೊಳ ದೂರದಲ್ಲಿ ಬೆಲ್ಟಿಗೆ ಅಂಟು ಹಚ್ಚುವ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಮೇಲಿನ ಡಬ್ಬ ಬರಿದಾಯಿತು. ಕಲ್ಲಿಗೆ ಕಲ್ಲು ತಾಗಿ ಕಿರ್ರೋ ಎಂದು ಕೂಗಿತು. ನನಗೇ ಹಲ್ಲು ಜುಮ್ಮೆಂದಿತು. ಅಂಗಳದ ನಾಯಿ ಎದ್ದು ನಿಂತಿತು.

ಅಣ್ಣ ತಿರುಗಲಿಲ್ಲ. ಮುಚ್ಚಳ ಬಿಗಿಯಾಗಿದೆ ಎಂದು ಅದನ್ನೇ ತಿರುವುತ್ತಿದ್ದ. ನಾನು ಓಡಿಹೋಗಿ ಬೆಲ್ಟು ತಪ್ಪಿಸುವಷ್ಟರಲ್ಲಿ ಸುಟ್ಟ ವಾಸನೆ ತುಂಬಿತ್ತು.

ಆ ಹೆಂಗಸು ಹಿಟ್ಟನ್ನು ಬೆರಳಲ್ಲಿ ತಿಕ್ಕಿ, ನಾಲಿಗೆಗೆ ಇಟ್ಟುಕೊಂಡು, ತೂ ಎಂದು ಉಗಿದಳು.

"ಕಲ್ಲು! ಎಲ್ಲಾ ಕಲ್ಲು! ಅಸುಗೂಸಿಗೆ ಕಲ್ ತಿನ್ಸಾನಾ? ನಿನ್ಗೆ ಕಣ್ಣಿಲ್ವಾ, ಕಿವಿ ಇಲ್ವಾ? ಮೂರ್ ದಿನ ಕೂತ್ಕಂಡು ಮೊಳ್ಕೆ ಕಟ್ಟಿವ್ನಿ!"

ಅಣ್ಣ ಅವಳ ಬಾಯಿ ಅಲ್ಲಾಡುವುದನ್ನು ನೋಡಿದ. ಹಳೇ ಗಿರಾಕಿ, ಯಾವಾಗಿನಂತೆ ಗೇಲಿ ಮಾಡುತ್ತಿದ್ದಾಳೆ ಅಂದುಕೊಂಡನೋ ಏನೋ, ನಗುತ್ತಾ ತಲೆ ಆಡಿಸಿದ. "ಊಂ ಕಣವ್ವ, ಊಂ," ಅಂದ. ಅವಳು ಬೈಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಣ್ಣನನ್ನು ಒಂದು ಗಾಜಿನ ಕಿಟಕಿಯ ರೂಮಿನಲ್ಲಿ ಕೂರಿಸಿ, ಕಿವಿಗೆ ಏನೋ ಹಾಕಿ, ಸದ್ದು ಕೇಳಿದಾಗ ಬೆರಳೆತ್ತು ಎಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಬೆರಳು ಮೊದಮೊದಲು ಏಳುತ್ತಿತ್ತು. ಆಮೇಲೆ ಬಹಳ ಹೊತ್ತು ಏಳಲಿಲ್ಲ. ಅವನು ಕಾಯುತ್ತಲೇ ಇದ್ದ, ಬೆರಳು ತಯಾರಾಗಿಯೇ ಇತ್ತು.

ಡಾಕ್ಟರು ಒಂದು ಕಾಗದ ತೋರಿಸಿದರು. ಮೊದಲು ಸ್ವಲ್ಪ ದೂರ ಮಟ್ಟಸವಾಗಿ ಬಂದ ಗೆರೆ ಆಮೇಲೆ ಸರ್ರನೆ ಕೆಳಗೆ ಬಿದ್ದಿತ್ತು.

"ಕಿವಿಯೊಳಗೆ ಹುಲ್ಲಿನ ಹಾಗೆ ಸಣ್ಣ ಕೂದಲಿರುತ್ತವೆ. ದಿನಾ ತುಳಿದ ಕಡೆ ಹುಲ್ಲು ಬರುತ್ತಾ? ಹಾಗೇ ಇದು. ಔಷಧಿ ಇಲ್ಲ," ಅಂದರು. "ಏನು ಕೆಲಸ?"

ಹೇಳಿದೆ. ಎಷ್ಟು ಮಿಷನ್ ಎಂದು ಕೇಳಿದರು. ಎರಡು, ಒಂದೇ ರೂಮಿನಲ್ಲಿ ಅಂದೆ. ಯಾಕೆ ಒಂದೇ ರೂಮಿನಲ್ಲಿ ಎಂದು ಕೇಳಿದರು. ಎರಡನೇ ಮಿಷನ್ನಿನಿಂದ ಮೂರೇ ಡೆಸಿಬೆಲ್ ಜಾಸ್ತಿ ಅಲ್ಲವೇ ಸಾರ್ ಎಂದು ಕೇಳಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಇಂಥ ಮಾತು ನನ್ನಂಥವನ ಬಾಯಿಂದ ಬರುತ್ತದೆ ಎಂದು ಅವರಿಗೆ ಅನ್ನಿಸಿರಲಿಲ್ಲ.

"ಮೂರು ಜಾಸ್ತಿ ಅಂದರೆ ಕಿವಿಗೆ ಬೀಳುವ ಪೆಟ್ಟು ಎರಡರಷ್ಟು. ಅಲ್ಲಿ ಒಂದು ದಿನ ನಿಂತರೆ ಎರಡು ದಿನ ನಿಂತ ಹಾಗೆ," ಅಂದರು.

ಮನೆಗೆ ಬಂದು ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. ಎರಡು ಗೆರೆ ಎಳೆದ ಸಾಲು ಸಿಕ್ಕಿತು. ಅದರ ಕೆಳಗೆ, ನನ್ನದೇ ಕೈಬರಹದಲ್ಲಿ, ಇನ್ನೊಂದು ಸಾಲಿತ್ತು. "ಲೆಕ್ಕದಲ್ಲಿ ಮೂರು, ಆದರೆ ಕಿವಿಗೆ ಬರುವ ಶಕ್ತಿ ಎರಡರಷ್ಟು, ಸಣ್ಣದು ಎಂದು ತಿಳಿಯಬಾರದು." ಮೇಷ್ಟ್ರು ಹೇಳಿದ್ದರು. ನಾನು ಬರೆದುಕೊಂಡಿದ್ದೆ. ಓದಿರಲಿಲ್ಲ.

ಮುಂದಿನ ಪುಟದಲ್ಲಿ ದೂರದ ಲೆಕ್ಕವೂ ಇತ್ತು. ಬಯಲಿನಲ್ಲಿ ಸದ್ದಿನಿಂದ ಇದ್ದ ದೂರ ಎರಡರಷ್ಟು ಮಾಡಿಕೊಂಡರೆ ಒತ್ತಡ ಅರ್ಧವಾಗುತ್ತದೆ, ಅಂದರೆ ಆರು ಡೆಸಿಬೆಲ್ ಇಳಿಯುತ್ತದೆ. ಯಂತ್ರದ ಶಕ್ತಿ ಅಷ್ಟೇ ಇರುತ್ತದೆ, ಕಿವಿಗೆ ಬರುವುದು ಮಾತ್ರ ಇಳಿಯುತ್ತದೆ. ಕಲ್ಲುಗೋಡೆ, ತಗಡಿನ ಸೂರು ಇರುವ ಸಣ್ಣ ಮನೆಯಲ್ಲಿ ಹಾಗೆ ಇಳಿಯುವುದಿಲ್ಲ. ಸದ್ದು ಗೋಡೆಗೆ ಬಡಿದು ತಿರುಗಿ ತಿರುಗಿ ಬಂದು ತುಂಬಿಕೊಳ್ಳುತ್ತದೆ. ಮೂಲೆಗೆ ಹೋದರೂ ಅಷ್ಟೇ. ಹಿತ್ತಲಿನ ಕೊಟ್ಟಿಗೆ ಮಿಷನ್ ಮನೆಯಿಂದ ಮೂವತ್ತೆರಡು ಹೆಜ್ಜೆ. ನಾನು ಹೋಗಿ ಅಳೆದು ಬಂದೆ. ಅಣ್ಣ ಮಿಷನ್ನಿನಿಂದ ಎರಡು ಹೆಜ್ಜೆಯಲ್ಲಿ ನಿಲ್ಲುತ್ತಿದ್ದ ಎಂದುಕೊಂಡರೂ, ಎರಡು ಹೆಜ್ಜೆ ನಾಲ್ಕಾಗಿ, ನಾಲ್ಕು ಎಂಟಾಗಿ, ಎಂಟು ಹದಿನಾರಾಗಿ, ಹದಿನಾರು ಮೂವತ್ತೆರಡಾಗುವಾಗ ನಾಲ್ಕು ಸಲ ಆರಾರು. ಇಪ್ಪತ್ತನಾಲ್ಕು. ನಡುವೆ ಒಂದು ಗೋಡೆ ಬೇರೆ. ಎರಡನೇ ಮಿಷನ್ ಅಲ್ಲಿದ್ದಿದ್ದರೆ ಅಣ್ಣನ ಕಿವಿಗೆ ಅದು ಇದ್ದೂ ಇಲ್ಲದ ಹಾಗೆ ಇರುತ್ತಿತ್ತು. ಒಂದೇ ಮಿಷನ್ನಿಂದಲೂ ಕಿವಿ ಸ್ವಲ್ಪ ಹೋಗುತ್ತಿತ್ತೇನೋ. ಇಷ್ಟು ಬೇಗ, ಇಷ್ಟೊಂದು ಹೋಗುತ್ತಿರಲಿಲ್ಲ.

ಇದನ್ನು ಅಣ್ಣನಿಗೆ ಹೇಳಬೇಕಿತ್ತು. ಬರೆದು ಕೊಡೋಣ ಎಂದರೆ ಅವನಿಗೆ ಓದು ಬಾರದು. ತಾನು ಓದದೆ ನನ್ನನ್ನು ಓದಿಸಿದವನು. ಕೈಸನ್ನೆಯಲ್ಲಿ ಹೇಳುವ ವಿಷಯ ಇದಲ್ಲ. ಕೂಗಿ ಹೇಳಿದರೆ ಬೀದಿಗೆಲ್ಲ ಕೇಳುತ್ತದೆ. ನಾಚಿಕೆಗೆಟ್ಟು ಎರಡು ತಿಂಗಳು ದೂಡಿದೆ.

ಅಮಾವಾಸ್ಯೆ ದಿನ ಮಿಷನ್ ಓಡಿಸುತ್ತಿರಲಿಲ್ಲ. ಅವತ್ತು ಅಣ್ಣ ಕಲ್ಲು ಬಿಚ್ಚಿ, ಸವೆದ ಗೀರುಗಳಿಗೆ ಉಳಿ ಹೊಡೆಯುವನು. ಅಂಥ ಒಂದು ಅಮಾವಾಸ್ಯೆ ಬೆಳಗ್ಗೆ ಹೋದೆ. ಹೊರಗೆ ಜಗಲಿಯಲ್ಲಿ ಅತ್ತಿಗೆ ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನು ಒಳಗೆ ಹೋಗಿ ಅಣ್ಣನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

ದನಿ ಏರಿಸಲು ಆಗದಿದ್ದವನಿಗೆ ಉಳಿದಿರುವುದು ದೂರ ಕಡಿಮೆ ಮಾಡುವ ದಾರಿ ಒಂದೇ. ಅವನ ಕಿವಿಗೆ ಬಾಯಿ ತಾಗಿಸುವಷ್ಟು ಹತ್ತಿರ ಹೋದೆ. ಕಿವಿಯ ಕೂದಲಲ್ಲಿ ಹಿಟ್ಟು ಕೂತಿತ್ತು. ಅಷ್ಟು ಹತ್ತಿರದಿಂದ ಅಣ್ಣನನ್ನು ನಾನು ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕೂತಾಗಲೂ ನೋಡಿರಲಿಲ್ಲ.

"ಅಣ್ಣ, ತಪ್ಪು ನಂದು ಕಣಣ್ಣ. ಮೂರು ಅಂದ್ರೆ ಒಸಿ ಅಲ್ಲ, ಎರಡರಷ್ಟು. ಕೊಟ್ಟಿಗೇಲಿ ಆಕಿದ್ರೆ ನಿನ್ ಕಿವಿ ಉಳೀತಿತ್ತು. ನಾನೇ ಕೆಡಸ್ದೆ."

ಅಣ್ಣ ಉಳಿ ಕೆಳಗಿಟ್ಟು ಕಿವಿ ಉಜ್ಜಿಕೊಂಡ.

"ಈ ಕಿವೀಗೆ ಬರೀ ಬಿಸಿ ಗಾಳಿ ಬತ್ತು ಕಣ್ಲಾ. ಆ ಕಡೇಕ್ ಬಾ."

ನಾನು ಎದ್ದು, ಸುತ್ತಿ, ಇನ್ನೊಂದು ಕಡೆ ಕೂತು ಮತ್ತೆ ಹೇಳಿದೆ. ಎರಡನೇ ಸಲ ಹೇಳುವುದು ಬಹಳ ಕಷ್ಟವಾಯಿತು. ಆದರೂ ಮುಗಿಸಿದೆ.

ಅಣ್ಣ ಕಲ್ಲಿನ ಮೇಲಿನ ಪುಡಿಯನ್ನು ಅಂಗೈಯಿಂದ ಒರೆಸಿ ಹಾಕಿದ. ಆಮೇಲೆ ಕೇಳಿದ:

"ಮೇಷ್ಟ್ರು ಸರ್ಯಾಗ್ ಏಳ್ಕೊಟ್ಟಿದ್ರಾ?"

ಕೊಟ್ಟಿದ್ದರು ಎಂದು ತಲೆ ಆಡಿಸಿದೆ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅವನು ನೋಡಿದ. ಬಾಗಿಲ ಕಡೆ ಒಂದು ಸಲ ಕಣ್ಣು ಹಾಯಿಸಿದ. ಆಮೇಲೆ ನನ್ನ ಕತ್ತು ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಗುಟ್ಟು ಹೇಳುವ ಹಾಗೆ ಅಂಗೈ ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಹೇಳಿದ:

"ಇದ್ನ ನಿಮ್ಮತ್ಗೇಗ್ ಏಳ್ಬ್ಯಾಡ. ಸಾಯೋಗಂಟ ಆಡ್ಕತಾಳೆ ನಿನ್ನ. ನಮ್ಮಿಬ್ರಲ್ಲೇ ಇರ್ಲಿ."

ಅವನು ಪಿಸುಗುಟ್ಟಿದೆ ಅಂದುಕೊಂಡಿದ್ದ. ತನ್ನ ದನಿ ಎಷ್ಟು ದೊಡ್ಡದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಮಾತು ತಗಡಿಗೆ ಬಡಿದು ಜಗಲಿ ದಾಟಿ ಬೀದಿಗೆ ಹೋಯಿತು. ಹೊರಗೆ ಅವರೆಕಾಯಿ ಬಿಡಿಸುತ್ತಿದ್ದ ಕೈಗಳು ನಿಂತವು.

ಅತ್ತಿಗೆ ಎದ್ದು ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಿದಳು, ಅಣ್ಣನನ್ನು ನೋಡಿದಳು. ತುಟಿ ಹೆಚ್ಚು ಅಲ್ಲಾಡದ ಹಾಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದಳು:

"ನಾ ಕೇಳುಸ್ಕಂಡೆ ಅಂತ ನಿಮ್ಮಣ್ಣಂಗೆ ಗೊತ್ತಾಗದು ಬ್ಯಾಡ."

ಆಮೇಲೆ ಅವನ ಕಡೆ ತಿರುಗಿ, ಐದು ಬೆರಳು ಕೂಡಿಸಿ ಬಾಯಿಗೆ ತಂದು, ಉಣ್ಣಲು ಏಳಿ ಎಂದು ತೋರಿಸಿದಳು. ಅವಳು ಮನೆಯ ಕಡೆ ಹೋದ ಮೇಲೆ ಅಣ್ಣ ನನ್ನ ಮಂಡಿ ತಟ್ಟಿ, ಬಚಾವಾದೆವು ಎನ್ನುವ ಹಾಗೆ ಕಣ್ಣು ಮಿಟುಕಿಸಿದ.